ಪರಮಾಣು ಬೀಜ ಗುಂಡಗಿದೆಯೆ?

ಕಳೆದ ವರ್ಷದ ಒಂದು ಕಿರುಪರೀಕ್ಷೆಯಲ್ಲಿ ನಾವು ಒಬ್ಬ ವಿದ್ಯಾರ್ಥಿನಿಯ ಅರ್ಧ ಅಂಕವನ್ನು ಕಳೆದೆವು. ಪರಮಾಣುವಿನ ಚಿತ್ರ ಬರೆದು ಭಾಗಗಳನ್ನು ಹೆಸರಿಸಿರಿ ಎಂಬುದು ಪ್ರಶ್ನೆ. ಉಳಿದವರೆಲ್ಲರೂ ನಡುವೆ ಗುಂಡನೆಯ ಬೀಜವೊಂದನ್ನಿರಿಸಿ ಸುತ್ತಲೂ ವೃತ್ತಗಳನ್ನೆಳೆದಿದ್ದರು. ಈಕೆ ಮಾತ್ರ ಬೀಜವನ್ನು ಬೂದುಗುಂಬಳದಂತೆ ನೀಳವಾಗಿ ಬರೆದು, 'ಎಲ್ಲ ಬೀಜಗಳೂ ಗುಂಡಗಿರುವುದಿಲ್ಲ' ಎಂದು ಕೆಳಗೆ ಒಕ್ಕಣಿಸಿದ್ದಳು. ನಾವು ಕೆಂಪು ಶಾಯಿಯಿಂದ ಗೆರೆ ಹೊಡೆದೆವು. ಉತ್ತರ ಪತ್ರಿಕೆಯನ್ನು ಮರಳಿ ಕೊಟ್ಟಾಗ ಆಕೆ ಎದ್ದು ನಿಂತು, "ಗುಂಡಗೇ ಇರಬೇಕೆಂದು ಏಕೆ, ಸರ್?" ಎಂದು ಕೇಳಿದಳು. "ಪುಸ್ತಕದಲ್ಲಿ ಹಾಗಿದೆ" ಎಂದೆವು.

ಆಕೆ ಮತ್ತೆ ಮಾತನಾಡಲಿಲ್ಲ. ನಮ್ಮ ತರಗತಿಗೆ ಬರುವವರು ಸಿದ್ದಾಪುರ, ಶಂಕರನಾರಾಯಣ, ಅಮಾಸೆಬೈಲು, ಹೊಸಂಗಡಿಗಳ ಕಡೆಯ ಮಕ್ಕಳು. (ಇದು ಕುಂದಾಪುರ ತಾಲೂಕಿನ ಸಿದ್ದಾಪುರ, ಘಟ್ಟದ ಮೇಲಿನ ಉತ್ತರ ಕನ್ನಡದ ಸಿದ್ದಾಪುರ ಬೇರೆ.) ಅಧ್ಯಾಪಕರಿಗೆ ಎದುರಾಡಬಾರದೆಂಬ ಸಂಕೋಚ ಅವರಲ್ಲಿ ಈಗಲೂ ಉಂಟು. ಆ ಸಂಕೋಚವನ್ನೇ ನಾವು ಒಪ್ಪಿಗೆಯೆಂದು ಭಾವಿಸಿದೆವು. ರಾತ್ರಿ ಏನೋ ಇರುಸುಮುರುಸಾಗಿ, ನಾವು ಎಂ.ಎಸ್‌ಸಿ. ಓದುತ್ತಿದ್ದಾಗಿನ ಟಿಪ್ಪಣಿ ಪುಸ್ತಕವನ್ನು ಹುಡುಕಿ ತೆಗೆದೆವು. ಅದರಲ್ಲಿ ನಮ್ಮದೇ ಕೈಬರಹದಲ್ಲಿ ಬೂದುಗುಂಬಳದ ಚಿತ್ರವಿದ್ದಿತು! ಕಲಿತದ್ದನ್ನು ನಾವು ಮರೆತಿರಲಿಲ್ಲ. ಪಾಠ ಹೇಳುವಾಗ ಇದೆಲ್ಲ ಬೇಡವೆಂದು ಬದಿಗಿಟ್ಟಿದ್ದೆವು. ಹೀಗೆ ಬದಿಗಿಡುವುದು ಸರಿಯೇ ಎಂಬುದು ಈ ಲೇಖನದ ಪ್ರಶ್ನೆ.

ಗುಂಡು ಬೀಜದ ಕಲ್ಪನೆ ಆಧಾರವಿಲ್ಲದೆ ಹುಟ್ಟಿದ್ದೇನೂ ಅಲ್ಲ. ಆಷಾಢದ ಮಳೆ ಒಂದು ಗಳಿಗೆ ನಿಂತಾಗ ಕೆಸುವಿನ ಎಲೆಯ ಮೇಲೆ ಉಳಿದ ಹನಿಯನ್ನು ನೋಡಿರಿ. ನೀರಿನ ಕಣಗಳು ಒಂದನ್ನೊಂದು ಸೆಳೆದು, ಹೊರಮೈಯನ್ನು ಆದಷ್ಟು ಕುಗ್ಗಿಸಿಕೊಳ್ಳುವುದರಿಂದ ಹನಿ ಗುಂಡಗಾಗುತ್ತದೆ. ಪರಮಾಣು ಬೀಜದೊಳಗಿನ ಪ್ರೋಟಾನುಗಳೂ ನ್ಯೂಟ್ರಾನುಗಳೂ ತಮ್ಮ ನೆರೆಯವರನ್ನು ಮಾತ್ರ ಬಲವಾಗಿ ಸೆಳೆಯುವುದರಿಂದ ಅಲ್ಲಿಯೂ ಇದೇ ನ್ಯಾಯ ನಡೆಯಬೇಕೆಂದು ಭೌತವಿಜ್ಞಾನಿಗಳು ಊಹಿಸಿದರು. ಬಹಳ ಮಟ್ಟಿಗೆ ಅದು ನಿಜವೂ ಆಯಿತು. ಪ್ರೋಟಾನು ನ್ಯೂಟ್ರಾನುಗಳ ಒಟ್ಟು ಸಂಖ್ಯೆಯ ಘನಮೂಲವನ್ನು 1.2ರಿಂದ ಗುಣಿಸಿದರೆ ಬೀಜದ ತ್ರಿಜ್ಯ ಫರ್ಮಿಗಳಲ್ಲಿ ದೊರೆಯುತ್ತದೆಂಬ ಸೂತ್ರವನ್ನು ದ್ವಿತೀಯ ಪಿ.ಯು. ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಫರ್ಮಿಯೆಂದರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲೊಂದು ಪಾಲು. ನೂರು ಕಣಗಳ ಬೀಜಕ್ಕೆ ಈ ಲೆಕ್ಕದಂತೆ ಸುಮಾರು 5.6 ಫರ್ಮಿ ತ್ರಿಜ್ಯ. ಸರಾಸರಿಯ ಮಟ್ಟಿಗೆ ಒಳ್ಳೆಯ ಸೂತ್ರವೇ. ಆದರೆ ಸರಾಸರಿ ಎಂಬ ಮಾತು ನಮ್ಮ ಪಾಠದಲ್ಲಿ ಬಿದ್ದುಹೋಗಿ, ಗೋಳವೊಂದೇ ಉಳಿದುಬಿಟ್ಟಿದೆ.

ಬೀಜಗಳೆಲ್ಲವೂ ಗೋಳಗಳಲ್ಲವೆಂಬ ಸುಳಿವು 1935ರಷ್ಟು ಹಿಂದೆಯೇ ದೊರೆತಿತ್ತು. ಯೂರೋಪಿಯಂ ಧಾತುವಿನ ರೋಹಿತದ ರೇಖೆಗಳನ್ನು ಸೂಕ್ಷ್ಮವಾಗಿ ಅಳೆದ ಷೂಲರ್ ಮತ್ತು ಷ್ಮಿಟ್ ಎಂಬ ಜರ್ಮನ್ ವಿಜ್ಞಾನಿಗಳಿಗೆ, ಅದರ ಬೀಜದ ವಿದ್ಯುದಂಶ ಗೋಳಾಕಾರದಲ್ಲಿ ಹರಡಿಲ್ಲವೆಂಬುದು ಕಂಡುಬಂದಿತು. 1949ರಲ್ಲಿ ಮರಿಯಾ ಮೇಯರ್ ಮತ್ತು ಯೆನ್ಸೆನ್ ಬೀಜದೊಳಗೂ ಕವಚಗಳಿವೆಯೆಂದು ತೋರಿಸಿದರು. ಎಲೆಕ್ಟ್ರಾನುಗಳು ಪರಮಾಣುವಿನಲ್ಲಿ ಅಂತಸ್ತುಗಳನ್ನು ತುಂಬುವಂತೆ, ಪ್ರೋಟಾನುಗಳೂ ನ್ಯೂಟ್ರಾನುಗಳೂ ಬೀಜದಲ್ಲಿ ತಂತಮ್ಮ ಅಂತಸ್ತುಗಳನ್ನು ತುಂಬುತ್ತವೆ. 2, 8, 20, 28, 50, 82, 126 ಎಂಬ 'ಮಾಂತ್ರಿಕ' ಸಂಖ್ಯೆಗಳಲ್ಲಿ ಅಂತಸ್ತು ಭರ್ತಿಯಾಗಿ ಬೀಜ ಗೋಳವಾಗಿ ನಿಲ್ಲುತ್ತದೆ. ಮರುವರ್ಷವೇ ರೈನ್‌ವಾಟರ್, ಆ ಬಳಿಕ ಆಗೆ ಬೋರ್ ಮತ್ತು ಮಾಟೆಲ್‌ಸನ್, ಅರ್ಧ ತುಂಬಿದ ಅಂತಸ್ತಿನ ಕಣಗಳು ಇಡೀ ಬೀಜವನ್ನೇ ಎಳೆದು ನೀಳವಾಗಿಯೋ ಚಪ್ಪಟೆಯಾಗಿಯೋ ಮಾಡಬಲ್ಲವೆಂದು ವಿವರಿಸಿದರು. ಇವರಿಗೆ 1975ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ನಮ್ಮ ವಿದ್ಯಾರ್ಥಿನಿಯ ಬೂದುಗುಂಬಳ, ಹಾಗಾದರೆ, ಎಪ್ಪತ್ತು ವರ್ಷಗಳಿಗೂ ಹಳೆಯದು. ಅಂಗಡಿಯಲ್ಲಿ ಅದರ ಪಕ್ಕದಲ್ಲೇ ಇರುವ ಸಿಹಿಗುಂಬಳದಂತೆ ಚಪ್ಪಟೆಯಾದ ಬೀಜಗಳೂ ಇವೆ.

ಇಷ್ಟೇ ಆಗಿದ್ದರೆ, ಕೆಲವು ಬೀಜ ಗುಂಡು, ಕೆಲವು ನೀಳ ಎಂದು ಒಂದು ವಾಕ್ಯ ಸೇರಿಸಿ ಸುಮ್ಮನಿರಬಹುದಾಗಿತ್ತು. ಸ್ವಾರಸ್ಯವಿರುವುದು ಮುಂದೆ. ಅಷ್ಟೇ ಪ್ರೋಟಾನು ಅಷ್ಟೇ ನ್ಯೂಟ್ರಾನುಗಳುಳ್ಳ ಒಂದೇ ಬೀಜಕ್ಕೆ ಎರಡು ಆಕಾರಗಳಿರಬಹುದು. ಅವೆರಡರ ಶಕ್ತಿಯೂ ಹೆಚ್ಚುಕಡಮೆ ಒಂದೇ ಆಗಿರಬಹುದು. ಇದಕ್ಕೆ ಆಕಾರಗಳ ಸಹಾಸ್ತಿತ್ವವೆಂದು ಹೆಸರು. ನ್ಯೂಟ್ರಾನುಗಳು ವಾಡಿಕೆಗಿಂತ ಅಧಿಕವಾಗಿರುವ ಬೀಜಗಳಲ್ಲಿ ಇದರ ಅತ್ಯಂತ ಚೊಕ್ಕ ನಿದರ್ಶನಗಳು ಸಿಕ್ಕಿವೆ.

ಅಂಥ ಬೀಜಗಳನ್ನು ಕಾಣಲು ಹೊರದೇಶಕ್ಕೇ ಹೋಗಬೇಕೆಂದು ವಿದ್ಯಾರ್ಥಿಮಿತ್ರರು ತಿಳಿಯಬೇಕಾಗಿಲ್ಲ. ನಮ್ಮ ಕರಾವಳಿಯಲ್ಲೇ ಉತ್ತರಕ್ಕೆ ಹೋದರೆ, ಕಾರವಾರ ತಾಲೂಕಿನಲ್ಲಿ ಕಾಳೀ ನದಿಯ ದಡದ ಕೈಗಾದಲ್ಲಿ, ತಲಾ 220 ಮೆಗಾವಾಟಿನ ನಾಲ್ಕು ಪರಮಾಣು ಸ್ಥಾವರಗಳಿವೆ. ಮೊದಲೆರಡು 2000ದಲ್ಲಿ ವಿದ್ಯುತ್ತನ್ನು ಒದಗಿಸತೊಡಗಿದವು. ಅವುಗಳಲ್ಲೊಂದು 2018ರ ಡಿಸೆಂಬರ್ ಕೊನೆಯ ದಿನದವರೆಗೆ 962 ದಿನ ಎಡೆಬಿಡದೆ ನಡೆದು ಆ ಕಾಲಕ್ಕೆ ಜಗತ್ತಿನ ದಾಖಲೆಯನ್ನೇ ಸ್ಥಾಪಿಸಿತು. ಒಂದು ಸ್ಥಾವರ ಪೂರ್ಣ ಬಲದಿಂದ ನಡೆಯುವಾಗ ಅದರೊಳಗೆ ಸೆಕೆಂಡಿಗೆ ಸುಮಾರು 2ರ ಮುಂದೆ 19 ಸೊನ್ನೆಗಳನ್ನಿಟ್ಟಷ್ಟು ಬೀಜಗಳು ಒಡೆಯುತ್ತವೆ. ಯುರೇನಿಯಂ-235ರ ಬೀಜ ಒಂದು ನ್ಯೂಟ್ರಾನನ್ನು ನುಂಗಿ ಒಡೆಯುವ ನೂರಾರು ಬಗೆಗಳಲ್ಲಿ ಒಂದನ್ನು ಇಲ್ಲಿ ನೋಡೋಣ. ಒಂದು ಹೋಳು ಜಿರ್ಕೋನಿಯಂ-100, ಇನ್ನೊಂದು ಟೆಲ್ಯೂರಿಯಂ-134. ಎರಡು ನ್ಯೂಟ್ರಾನುಗಳು ಬಿಡಿಯಾಗಿ ಹೊರಬೀಳುತ್ತವೆ. ಕೂಡಿಸಿ ನೋಡಿರಿ: 100, 134, 2, ಒಟ್ಟು 236. ಪ್ರೋಟಾನುಗಳು 40 ಮತ್ತು 52, ಒಟ್ಟು 92. ಲೆಕ್ಕ ಸರಿಯಾಗಿದೆ.

ಈ ಅವಳಿಗಳ ರೂಪವನ್ನು ಗಮನಿಸಬೇಕು. ಟೆಲ್ಯೂರಿಯಂ-134ರಲ್ಲಿ 82 ನ್ಯೂಟ್ರಾನುಗಳು, ಅಂತಸ್ತು ಭರ್ತಿ, ಆದಕಾರಣ ಅದು ಗೋಳಕ್ಕೆ ತೀರ ಹತ್ತಿರ. ಜಿರ್ಕೋನಿಯಂ-100 ನೀಳ; ಅದರ ಉದ್ದದ ಅಕ್ಷ ಅಡ್ಡ ಅಕ್ಷಕ್ಕಿಂತ ಸುಮಾರು ಮೂರನೆಯ ಒಂದು ಪಾಲಿನಷ್ಟು ಅಧಿಕ. ಒಂದೇ ಒಡಲಿನಿಂದ ಒಂದೇ ಕ್ಷಣದಲ್ಲಿ ಹುಟ್ಟಿದವು, ಒಂದು ಗುಂಡು, ಇನ್ನೊಂದು ನೀಳ. ನೀಳವಾದುದು ಬಹುಕಾಲ ಬಾಳುವುದಿಲ್ಲ. ಅದರ ಅರ್ಧಾಯು ಏಳು ಸೆಕೆಂಡುಗಳು.

ಏಳು ಸೆಕೆಂಡು ಬಾಳುವ, ಕಣ್ಣಿಗೆ ಕಾಣಲು ಎಂದೆಂದಿಗೂ ಸಾಧ್ಯವಿಲ್ಲದ ವಸ್ತುವಿನ ಆಕಾರವನ್ನು ತಿಳಿಯುವುದೆಂತು? ನಮ್ಮ ದೃಷ್ಟಿಯಲ್ಲಿ ತರಗತಿಗೆ ಒಯ್ಯಬೇಕಾದ ಭಾಗ ಇದೇ. ಬೀಜಕ್ಕೆ ಸ್ವಲ್ಪ ಶಕ್ತಿ ದೊರೆತಾಗ ಅದು ಮೇಲಿನ ಶಕ್ತಿಮಟ್ಟಕ್ಕೇರಿ, ಗಾಮಾ ಕಿರಣವನ್ನು ಚೆಲ್ಲಿ ಕೆಳಗಿಳಿಯುತ್ತದೆ. ನೀಳವಾದ ವಸ್ತುವನ್ನು ಅಡ್ಡಲಾಗಿ ತಿರುಗಿಸಬಹುದು. ಅದು ತಿರುಗಿತೆಂಬುದಕ್ಕೆ ಗುರುತು ಸಿಗುತ್ತದೆ. ಅದಕ್ಕೆ ಬೇಕಾದ ಶಕ್ತಿಯೂ ಅಲ್ಪ. ಎಲ್ಲಿಯೂ ಒಂದು ಮಚ್ಚೆಯಿಲ್ಲದ ನುಣುಪಾದ ಗೋಳ ತಿರುಗಿದರೂ ಒಂದೇ, ತಿರುಗದಿದ್ದರೂ ಒಂದೇ. ಕ್ವಾಂಟಂ ಸಿದ್ಧಾಂತವಂತೂ ಅಂಥ ತಿರುಗುವಿಕೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದ್ದರಿಂದ ಗೋಳಾಕಾರದ ಬೀಜವನ್ನು ಕದಲಿಸಲು ಬಹಳ ಶಕ್ತಿ ಬೇಕು. ಹೀಗಾಗಿ ಮೊದಲ ತಿರುಗು ಮಟ್ಟದ ಎತ್ತರವನ್ನು ಅಳೆದರೆ ಆಕಾರದ ಸುಳಿವು ಸಿಕ್ಕಿದಂತೆಯೇ.

ಜಿರ್ಕೋನಿಯಂನ ಮೂರು ಐಸೋಟೋಪುಗಳಲ್ಲಿ ಈ ಎತ್ತರವನ್ನು ಕಿಲೋ ಎಲೆಕ್ಟ್ರಾನ್ ವೋಲ್ಟುಗಳಲ್ಲಿ ನೋಡೋಣ. ಜಿರ್ಕೋನಿಯಂ-96ಕ್ಕೆ 1750. 98ಕ್ಕೆ 1223. 100ಕ್ಕೆ 213. ನ್ಯೂಟ್ರಾನು ಎರಡೆರಡೇ ಹೆಚ್ಚುತ್ತ ಹೋದುದು. ಕೊನೆಯ ಎರಡಕ್ಕೆ ಎತ್ತರ ಆರನೆಯ ಒಂದು ಪಾಲಿಗೆ ಕುಸಿಯಿತು! (92 ಮತ್ತು 94ಕ್ಕೆ ಇದು 900ರ ಆಸುಪಾಸಿನಲ್ಲಿದೆಯಲ್ಲ ಎಂದು ಕೋಷ್ಟಕ ತೆರೆದು ಕೇಳುವ ವಿದ್ಯಾರ್ಥಿ ನಮಗೆ ಬಹಳ ಪ್ರಿಯ. ಅಲ್ಲಿ ಭರ್ತಿಯಾದ ಅಂತಸ್ತಿನ ಹೊರಗಿರುವ ಕೆಲವೇ ನ್ಯೂಟ್ರಾನುಗಳು ಕದಲುತ್ತವೆ, ಇಡೀ ಬೀಜ ತಿರುಗುವುದಿಲ್ಲ. ಒಂದೇ ಸಂಖ್ಯೆಯನ್ನು ನೆಚ್ಚದೆ ಮುಂದಿನ ಮಟ್ಟವನ್ನೂ ನೋಡಬೇಕು. ಬಿಗಿಯಾದ ನೀಳ ವಸ್ತುವಿಗೆ ಎರಡನೆಯ ತಿರುಗು ಮಟ್ಟ ಮೊದಲನೆಯದರ ಮೂರೂ ಮೂರನೆಯ ಒಂದರಷ್ಟು ಇರಬೇಕು. ಜಿರ್ಕೋನಿಯಂ-100ಕ್ಕೆ ಅದು 2.65, ನೆರೆಯ ಸ್ಟ್ರಾನ್ಷಿಯಂ-98ಕ್ಕೆ ಮೂರು.) ಈ ವಲಯದ ವಿದಳನದ ಹೋಳುಗಳು ನೀಳವಾಗಿವೆಯೆಂಬ ಸೂಚನೆ 1965ರಲ್ಲಿಯೇ ದೊರೆತು, 1970ರಲ್ಲಿ ಬರ್ಕ್ಲಿಯ ಪ್ರಯೋಗಕಾರರು ತಾನಾಗಿ ಒಡೆಯುವ ಕ್ಯಾಲಿಫೋರ್ನಿಯಂ-252ರ ಹೋಳುಗಳ ಗಾಮಾ ಕಿರಣಗಳನ್ನು ವಿಂಗಡಿಸಿ ಅದನ್ನು ಸ್ಥಿರಪಡಿಸಿದರು. ಲೇಸರ್ ಬೆಳಕಿನಿಂದ ಬೀಜಗಳ ಗಾತ್ರವನ್ನು ಅಳೆದವರಿಗೂ ನ್ಯೂಟ್ರಾನುಗಳ ಸಂಖ್ಯೆ 60ಕ್ಕೆ ಮುಟ್ಟುವಲ್ಲಿ ಅದೇ ಹಠಾತ್ ಜಿಗಿತ ಕಂಡಿತು.

ಗುಂಡು ರೂಪ ಎಲ್ಲಿ ಹೋಯಿತು? ಎಲ್ಲಿಯೂ ಹೋಗಲಿಲ್ಲ. ಜಿರ್ಕೋನಿಯಂ-98ರಲ್ಲಿ ಮೂಲಸ್ಥಿತಿ ಗೋಳವಾಗಿದ್ದು, 854ರ ಎತ್ತರದಲ್ಲಿ ಬೇರೊಂದು ಆಕಾರ ಕಾದು ಕುಳಿತಿದೆ. 100ರಲ್ಲಿ ನೀಳರೂಪ ತಳಕ್ಕಿಳಿದಿದೆ, ಇನ್ನೊಂದು ರೂಪ 331ರ ಎತ್ತರಕ್ಕೆ ಸರಿದಿದೆ. ಸ್ಟ್ರಾನ್ಷಿಯಂ-98ರಲ್ಲಿ ಎರಡರ ನಡುವಿನ ಅಂತರ ಕೇವಲ 215. ಬೀಜಗಳ ಜಗತ್ತಿನಲ್ಲಿ ಇದು ಏನೇನೂ ಅಲ್ಲ. ಈ ಎರಡನೆಯ ಮಟ್ಟವನ್ನು ಪತ್ತೆಹಚ್ಚುವ ಬಗೆಯೂ ವಿಚಿತ್ರವೇ. ಎರಡು ಮಟ್ಟಗಳಿಗೂ ಭ್ರಮಣೆ ಸೊನ್ನೆಯಾದ್ದರಿಂದ ಒಂದರಿಂದ ಮತ್ತೊಂದಕ್ಕೆ ಒಂಟಿ ಗಾಮಾ ಕಿರಣವನ್ನು ಚೆಲ್ಲಿ ಇಳಿಯಲು ನಿಸರ್ಗನಿಯಮ ಅವಕಾಶ ಕೊಡುವುದಿಲ್ಲ. ಬೀಜ ತನ್ನ ಶಕ್ತಿಯನ್ನು ಹತ್ತಿರದ ಎಲೆಕ್ಟ್ರಾನೊಂದಕ್ಕೆ ಕೊಟ್ಟು ಅದನ್ನು ಹೊರದಬ್ಬುತ್ತದೆ. ಆಕಾರಗಳು ಬೇರೆಬೇರೆಯಾಗಿದ್ದು, ಪರಸ್ಪರ ಬೆರೆತೂ ಇದ್ದಾಗ ಹೀಗೆ ದಬ್ಬುವುದು ಪ್ರಬಲವಾಗುತ್ತದೆ. ಆ ಎಲೆಕ್ಟ್ರಾನುಗಳನ್ನು ಹಿಡಿದು ಎಣಿಸುವವರು ಆಕಾರಗಳ ವ್ಯತ್ಯಾಸವನ್ನೇ ಎಣಿಸುತ್ತಾರೆನ್ನಬಹುದು.

ಕಾರಣವನ್ನು ಗದ್ದೆಗಳ ಉಪಮೆಯಿಂದ ಹೇಳಬಹುದು. ನಮ್ಮ ಕಡೆ ತಗ್ಗಿನ ಗದ್ದೆಗೆ ಬೈಲು, ಎತ್ತರದ ಗದ್ದೆಗೆ ಬೆಟ್ಟು ಎನ್ನುತ್ತಾರೆ. ಎರಡು ಬೈಲುಗಳು, ನಡುವೆ ಒಂದು ಬೆಟ್ಟು ಇದೆಯೆಂದು ಭಾವಿಸಿರಿ. ಒಂದು ಬೈಲು ಗುಂಡು ಆಕಾರದ್ದು, ಇನ್ನೊಂದು ನೀಳ ಆಕಾರದ್ದು. ನೀರು ತಗ್ಗಾದ ಬೈಲಿನಲ್ಲಿ ನಿಲ್ಲುತ್ತದೆ. ನೀಳ ಬೈಲಿಗೆ ಹೋಗಬೇಕಾದರೆ ಕೆಲವು ಕಣಗಳು ಭರ್ತಿಯಾದ ಅಂತಸ್ತನ್ನು ಬಿಟ್ಟು ಮೇಲಿನದಕ್ಕೆ ಏರಬೇಕು; ಅದು ಖರ್ಚು. ಏರಿದ ಪ್ರೋಟಾನುಗಳಿಗೂ ಹೊಸದಾಗಿ ಬಂದ ನ್ಯೂಟ್ರಾನುಗಳಿಗೂ ಹೊಂದುವ ಕಕ್ಷೆಗಳು ಸಿಕ್ಕಿ ಪರಸ್ಪರ ಸೆಳೆತ ಹೆಚ್ಚುವುದು ಗಳಿಕೆ. ನ್ಯೂಟ್ರಾನುಗಳು 58 ಇದ್ದಾಗ ಖರ್ಚು ತುಸು ಮೇಲು. 60 ಆದಾಗ ಗಳಿಕೆ ಮೇಲು. 2016ರಲ್ಲಿ ಟೋಕಿಯೋದ ಸಿದ್ಧಾಂತಿಗಳು ಮಹಾಗಣಕಗಳಿಂದ ಲೆಕ್ಕ ಹಾಕಿ, ಜಿರ್ಕೋನಿಯಂನ ಈ ಹಠಾತ್ ಬದಲಾವಣೆಯನ್ನು ಹೀಗೆಯೇ ವಿವರಿಸಿದರು. ಇನ್ನು, ಗದ್ದೆಯ ಅಂಚಿನೊಳಗಿಂದ ನೀರು ಜಿನುಗುವಂತೆ, ಒಂದು ಬೈಲಿನ ಸ್ಥಿತಿ ಇನ್ನೊಂದರೊಳಕ್ಕೆ ಜಿನುಗುತ್ತದೆ. ಆದ್ದರಿಂದ ಯಾವುದೂ ಅಪ್ಪಟವಾಗಿ ಗುಂಡಲ್ಲ, ಅಪ್ಪಟವಾಗಿ ನೀಳವಲ್ಲ. ಒಬ್ಬನೇ ವೇಷಧಾರಿ ಸಂಜೆಗೊಂದು ವೇಷ, ಬೆಳಗಿನ ಜಾವಕ್ಕೊಂದು ವೇಷ ಹಾಕುವ ಯಕ್ಷಗಾನದ ಹೋಲಿಕೆ ನಮ್ಮವರಿಗೆ ಥಟ್ಟನೆ ನೆನಪಾಗುತ್ತದೆ. ಅದು ಇಲ್ಲಿ ಸಾಲದು. ಬೀಜ ಚೌಕಿಗೆ ಹೋಗಿ ವೇಷ ಬದಲಿಸುವುದಿಲ್ಲ. ಎರಡೂ ವೇಷಗಳು ಏಕಕಾಲದಲ್ಲಿ ಬೇರೆಬೇರೆ ಪ್ರಮಾಣದಲ್ಲಿ ಅದರ ಮೈಮೇಲಿರುತ್ತವೆ.

ಜಿರ್ಕೋನಿಯಂ ಒಂದೇ ಇಂಥದೆಂದು ಯಾರೂ ತಿಳಿಯಬಾರದು. ನಾವು ಉಸಿರಾಡುವ ಆಕ್ಸಿಜನ್-16, ಎಂಟು ಎಂಟರ ಎರಡು ಮಾಂತ್ರಿಕ ಸಂಖ್ಯೆಗಳುಳ್ಳ ಗೋಳ, ತನ್ನ ಮೊದಲ ಉದ್ರಿಕ್ತ ಸ್ಥಿತಿಯಲ್ಲಿ ವಿರೂಪಗೊಂಡಿರಬೇಕೆಂದು ಜಪಾನಿನ ಮೊರಿನಾಗ 1956ರಲ್ಲಿ ಸೂಚಿಸಿದರು. ಸೀಸ-186ರಲ್ಲಿ ಗುಂಡು, ಚಪ್ಪಟೆ, ನೀಳ ಈ ಮೂರೂ ಒಂದರ ಬೆನ್ನಿಗೊಂದು ಇವೆಯೆಂದು 2000ದಲ್ಲಿ ಪ್ರಕಟವಾಯಿತು. ನ್ಯೂಟ್ರಾನುಗಳು ಮಿತಿಮೀರಿದ ಮೆಗ್ನೀಸಿಯಂ-32ರಲ್ಲಿ 20 ಎಂಬ ಮಾಂತ್ರಿಕ ಸಂಖ್ಯೆಯ ಮಂತ್ರವೇ ಕೆಟ್ಟು ಮೂಲಸ್ಥಿತಿಯೇ ನೀಳವಾಗಿದೆ. ಅದರ ಗೋಳರೂಪ ಸ್ವಲ್ಪ ಮೇಲೆ ಅಡಗಿದ್ದುದು 2010ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಶಾಲೆಯಲ್ಲಿ ಸಿಕ್ಕಿತು.

ಇನ್ನು ನಮ್ಮ ವಾದಕ್ಕೆ ಬರೋಣ. ನಮ್ಮ ಸಹೋದ್ಯೋಗಿಗಳೊಡನೆ ಈ ವಿಷಯ ಪ್ರಸ್ತಾಪಿಸಿದಾಗ ಮೂರು ಆಕ್ಷೇಪಗಳು ಬಂದವು: ಕಾಲವಿಲ್ಲ, ಮಕ್ಕಳಿಗೆ ಗೊಂದಲವಾಗುತ್ತದೆ, ಪರೀಕ್ಷೆಗೆ ಬರುವುದಿಲ್ಲ. ಮೊದಲನೆಯದು ನಿಜ. ಮೂರನೆಯದೂ ನಿಜ, ಅದಕ್ಕೆ ಮದ್ದು ನಮ್ಮ ಕೈಯಲ್ಲಿಲ್ಲ. ಎರಡನೆಯದನ್ನು ಮಾತ್ರ ನಾವು ಒಪ್ಪಲಾರೆವು. ಗೋಳದ ಪಾಠ ಹೇಳಿದ ಮರುವಾರವೇ ನಾವು ವಿದಳನದ ಪಾಠ ಹೇಳುತ್ತೇವೆ. ಸದಾ ಗೋಳವಾಗಿಯೇ ಇರಬೇಕಾದ ವಸ್ತು ಎರಡು ಹೋಳಾಗುವುದು ಹೇಗೆ? ಹೋಳಾಗುವ ಮೊದಲು ಅದು ನೀಳವಾಗಬೇಕು, ನಡು ಸಣ್ಣಗಾಗಬೇಕು. ನೀಲ್ಸ್ ಬೋರ್ ಮತ್ತು ವೀಲರ್ 1939ರಲ್ಲಿ ವಿದಳನವನ್ನು ವಿವರಿಸಿದ್ದೇ ಹನಿ ಹಿಗ್ಗಿ ನೀಳವಾಗುವುದೆಂಬ ಚಿತ್ರದಿಂದ. 1962ರಲ್ಲಿ ದುಬ್ನಾ ಪ್ರಯೋಗಶಾಲೆಯಲ್ಲಿ ಪೊಲಿಕನೋವ್ ಮತ್ತು ಸಂಗಡಿಗರು, 14 ಮಿಲಿಸೆಕೆಂಡಿನ ಅರ್ಧಾಯುವಿನಿಂದ ಒಡೆಯುವ ಅಮೆರಿಸಿಯಂ-242ರ ಒಂದು ವಿಚಿತ್ರ ಸ್ಥಿತಿಯನ್ನು ಕಂಡರು. ಅಗಲಕ್ಕಿಂತ ಉದ್ದ ಎರಡರಷ್ಟಿರುವ ಆಕಾರದಲ್ಲಿ ಅದು ಸಿಕ್ಕಿಕೊಂಡಿತ್ತೆಂದು ಆಮೇಲೆ ತಿಳಿಯಿತು. ತುಮಕೂರಿನಲ್ಲಿ 1925ರಲ್ಲಿ ಜನಿಸಿದ ರಾಜಾ ರಾಮಣ್ಣ, 1956ರಲ್ಲಿ ಟ್ರಾಂಬೆಯ ಅಪ್ಸರಾ ರಿಯಾಕ್ಟರು ಚಾಲೂ ಆದ ತರುವಾಯ ತಮ್ಮ ಸಂಗಡಿಗರೊಡನೆ ವಿದಳನದ ನ್ಯೂಟ್ರಾನುಗಳನ್ನು ಅಳೆಯುತ್ತ ಬೆನ್ನುಹತ್ತಿದ್ದೂ ಇಂಥ ಪ್ರಶ್ನೆಗಳನ್ನೇ. ಗೊಂದಲ ಹುಟ್ಟುವುದು ಗೋಳವನ್ನು ಹಟದಿಂದ ಉಳಿಸಿಕೊಂಡಾಗ. ಹುಡುಗರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಇದು ಕೇವಲ ಪಂಡಿತರ ಕುತೂಹಲವೆನ್ನುವವರಿಗೂ ಒಂದು ಮಾತು. ಕೈಗಾ ಬೇಕೆ ಬೇಡವೆ ಎಂಬ ಚರ್ಚಾಸ್ಪರ್ಧೆಗಳಲ್ಲಿ ನಾವು ಹಲವು ಸಲ ತೀರ್ಪುಗಾರರಾಗಿ ಕುಳಿತಿದ್ದೇವೆ. ಎರಡು ಪಕ್ಷದವರೂ ಚೆನ್ನಾಗಿ ಮಾತನಾಡುತ್ತಾರೆ. ಇಂಧನದ ಕಂಬಿಯೊಳಗೆ ಏನು ಉಳಿಯುತ್ತದೆಂದು ಕೇಳಿದರೆ ಇಬ್ಬರೂ ಮೌನ. ಸ್ಥಾವರವನ್ನು ನಿಲ್ಲಿಸಿದ ಕ್ಷಣದಲ್ಲಿಯೂ ಅದರ ಶಾಖದ ನೂರರಲ್ಲಿ ಆರೇಳು ಪಾಲು ಉಳಿದೇ ಇರುತ್ತದೆ; ಬಹುಮಟ್ಟಿಗೆ ಈ ನ್ಯೂಟ್ರಾನ್ ಸಮೃದ್ಧ ಹೋಳುಗಳು ಕ್ಷಯಿಸುವುದರಿಂದಲೇ ಅದು ಬರುವುದು. 2011ರಲ್ಲಿ ಫುಕುಶಿಮಾದಲ್ಲಿ ಇಂಧನ ಕರಗಿದ್ದು ಈ ಉಳಿಕೆಯ ಶಾಖಕ್ಕೆ. ಯಾವ ಹೋಳು ಎಷ್ಟು ಬೇಗ, ಯಾವ ಮಟ್ಟಗಳ ಮೂಲಕ ಕ್ಷಯಿಸುತ್ತದೆ ಎಂಬುದರಲ್ಲಿ ಅದರ ಆಕಾರದ ಕೈವಾಡವೂ ಉಂಟು. ನಮ್ಮ ಪಕ್ಕದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಕೈಗಾ ಸ್ಥಾವರವನ್ನು ವಿರೋಧಿಸಿದವರು, 1989ರಲ್ಲಿ ಉತ್ತರ ಕನ್ನಡದಲ್ಲಿ ಲೋಕಸಭಾ ಚುನಾವಣೆಗೂ ನಿಂತವರು. ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಕನ್ನಡಿಗರಿಗೆ ಬರೆದುಕೊಟ್ಟವರೂ ಅವರೇ. ಅವರ ವಿರೋಧವನ್ನು ಒಪ್ಪುವವರೂ ಒಪ್ಪದವರೂ ಆ ಎರಡನೆಯ ಕೆಲಸವನ್ನು ಮರೆತಂತೆ ಕಾಣುತ್ತದೆ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಪುಸ್ತಕದಲ್ಲಿ ತ್ರಿಜ್ಯದ ಸೂತ್ರದ ಕೆಳಗೆ, ಇದು ಸರಾಸರಿ ತ್ರಿಜ್ಯವೆಂದೂ ಅನೇಕ ಬೀಜಗಳು ಗೋಳಾಕಾರದಲ್ಲಿಲ್ಲವೆಂದೂ ಎರಡು ಸಾಲು ಬರಲಿ. ಅದು ಬರುವ ತನಕ ಅಧ್ಯಾಪಕರು ಬಾಯಲ್ಲಿ ಹೇಳಲಿ. ಜಿರ್ಕೋನಿಯಂ-98ರ ಮೇಲಿನ ಸ್ಥಿತಿಗಳ ಆಕಾರವೇನೆಂಬುದರಲ್ಲಿ ಪ್ರಯೋಗಕಾರರಲ್ಲಿ ಇನ್ನೂ ಒಮ್ಮತವಾಗಿಲ್ಲವೆಂಬುದನ್ನೂ ಹೇಳಲಿ. ಹದಿನೇಳು ವರ್ಷದ ಹುಡುಗಿಗೆ ಅದು ಅವಮಾನವಲ್ಲ, ಆಮಂತ್ರಣ.

ಆ ಅರ್ಧ ಅಂಕವನ್ನು ಈಗ ಸೇರಿಸಲು ಬರುವುದಿಲ್ಲ. ಪಟ್ಟಿ ಕಳುಹಿಸಿಯಾಗಿದೆ, ಆಕೆ ಪದವಿ ತರಗತಿಗೆ ಸೇರಿಯಾಗಿದೆ. ಕಳೆದ ತಿಂಗಳು ಸಿದ್ದಾಪುರದ ಪೇಟೆಯಲ್ಲಿ ಎದುರಾದಾಗ ಆಕೆಯ ಚಿತ್ರ ಸರಿಯಿತ್ತೆಂದು ಹೇಳಿದೆವು. "ಯಾವ ಬೀಜದ್ದು ಸರ್?" ಎಂದು ಕೇಳಿದಳು. ತಾನು ಬರೆದದ್ದು ಯಾವ ಧಾತುವಿನ ಬೀಜವೆಂದು ಆಕೆ ಆಗ ಯೋಚಿಸಿಯೇ ಇರಲಿಲ್ಲವಂತೆ. ಬಸ್ಸು ಬರುವ ತನಕ, ಟಿಕೇಟಿನ ಹಿಂಬದಿಯಲ್ಲಿ ಮೂರು ಸಂಖ್ಯೆಗಳನ್ನು ಬರೆದು ತೋರಿಸಿದೆವು: 1750, 1223, 213.